ಬ್ಯಾಟರಿ ವಾಲ್ವ್ ರೇಡಿಯೋ ಮಾತಾಡುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಕೊಡಗಿನ ಹಳೆಯ ಎಸ್ಟೇಟ್ ಬಂಗಲೆಗಳಲ್ಲಿ, ಕೆಲವು ಐನ್‌ಮನೆಗಳ ಅಟ್ಟದಲ್ಲಿ, ಸೊಂಟದೆತ್ತರದ ಮರದ ಪೆಟ್ಟಿಗೆಯ ರೇಡಿಯೋಗಳು ಇನ್ನೂ ಇವೆ. ತೋಟಕ್ಕೆ ಕರೆಂಟಿನ ಕಂಬ ಬರುವ ಮುಂಚೆ ಇವು ಬ್ಯಾಟರಿಯಲ್ಲೇ ಹಾಡುತ್ತಿದ್ದವು. ಮೇಲುಭಾಗದಲ್ಲಿ ಡಯಲ್, ನಡುವೆ ಬಟ್ಟೆ ಮುಚ್ಚಿದ ಸ್ಪೀಕರ್, ಕೆಳಗಿನ ಖಾನೆಯಲ್ಲಿ ಇಟ್ಟಿಗೆ ಗಾತ್ರದ ಬ್ಯಾಟರಿಗಳು. ಮನೆಯವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ‘ಅದು ಸತ್ತುಹೋಗಿದೆ.’

ಬಹುಪಾಲು ಸತ್ತಿರುವುದಿಲ್ಲ. ಬ್ಯಾಟರಿಯ ತಂತಿ, ಕಿಲುಬು ಹಿಡಿದ ಸ್ವಿಚ್ಚು, ಸೋರುವ ಒಂದೆರಡು ಕಂಡೆನ್ಸರ್ (ಕೆಪಾಸಿಟರ್), ಇಷ್ಟರಲ್ಲೇ ತೊಂದರೆ ಇರುತ್ತದೆ. ಇವೆಲ್ಲ ಸರಿಹೋಗುವಂಥವು. ಸರಿಹೋಗದ್ದು ಒಂದೇ, ವಾಲ್ವಿನ (ಸಿಗ್ನಲನ್ನು ದೊಡ್ಡದು ಮಾಡುವ ಗಾಜಿನ ಬುರುಡೆಯ) ಒಳಗೆ ಕಾಯುವ ಎಳೆ, ಅಂದರೆ ಫಿಲಮೆಂಟ್. ಅದು ಕೂದಲಿಗಿಂತ ತೆಳು, 1.4 ವೋಲ್ಟಿಗೆಂದು ಮಾಡಿದ್ದು. ಪಕ್ಕದಲ್ಲೇ ಓಡಾಡುವ 90 ವೋಲ್ಟು ತಪ್ಪಿ ಅದನ್ನು ಮುಟ್ಟಿದರೆ ನಾಲ್ಕೂ ವಾಲ್ವು ಒಂದೇ ಕ್ಷಣದಲ್ಲಿ ಹೋಗುತ್ತವೆ. ಹಾಗಾಗಿ ‘ಒಮ್ಮೆ ಬ್ಯಾಟರಿ ಕೊಟ್ಟು ನೋಡೋಣ’ ಎನ್ನುವುದು ಮೊದಲ ಹೆಜ್ಜೆಯಲ್ಲ, ಕೊನೆಯ ಹೆಜ್ಜೆ. ಈ ಕೈಪಿಡಿಯ ಕ್ರಮವೆಲ್ಲ ವಾಲ್ವು ಉಳಿಸಿಕೊಳ್ಳುವುದಕ್ಕಾಗಿಯೇ.

ಬೇಕಾಗುವುದು ಹೆಚ್ಚೇನಿಲ್ಲ: ಒಂದು ಡಿಜಿಟಲ್ ಮಲ್ಟಿಮೀಟರ್, ಸ್ಕ್ರೂಡ್ರೈವರ್, ಮೃದುವಾದ ಬ್ರಶ್, ಕಾಂಟ್ಯಾಕ್ಟ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಸಣ್ಣ ಟ್ರಾನ್ಸಿಸ್ಟರ್ ರೇಡಿಯೋ. ಮುಳ್ಳಿನ ಹಳೇ ಮೀಟರ್ ಬೇಡ. ಅದರ ಕಡಿಮೆ ಓಂ ರೇಂಜಿನಲ್ಲಿ ಹರಿಯುವ ಕರೆಂಟೇ ಕೆಲವು ಫಿಲಮೆಂಟಿಗೆ ಜಾಸ್ತಿ.

ಹಿಂದಿನ ಮುಚ್ಚಳ ತೆಗೆಯುವ ಮೊದಲು

ನಿಮ್ಮ ಸೆಟ್ಟು ನಿಜಕ್ಕೂ ಬ್ಯಾಟರಿಯದೇ ಎಂದು ಖಚಿತ ಮಾಡಿಕೊಳ್ಳಿ. ಗೋಡೆಯ ಸಾಕೆಟ್ಟಿಗೆ ಹಾಕುವ ಪ್ಲಗ್ಗಿನ ವೈರು ನೇರ ಸೆಟ್ಟಿನೊಳಗೆ ಹೋಗಿದ್ದರೆ ಅದು ಬೇರೆ ಜಾತಿ. ಏಸಿ-ಡಿಸಿ ಎಂದು ಕರೆಸಿಕೊಳ್ಳುತ್ತಿದ್ದ ಸೆಟ್ಟುಗಳಲ್ಲಿ ಚಾಸಿಗೇ (ಒಳಗಿನ ಲೋಹದ ಚೌಕಟ್ಟಿಗೇ) 230 ವೋಲ್ಟ್ ಬಂದಿರಬಹುದು. ಅಂಥದ್ದನ್ನು ಈ ಬರಹ ನೋಡಿಕೊಂಡು ಬಿಚ್ಚಬೇಡಿ.

ಬ್ಯಾಟರಿ ಸೆಟ್ಟುಗಳಲ್ಲಿ ಮನೆಗಳಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ: 2 ವೋಲ್ಟಿನ ವಾಲ್ವಿನವು, 1.4 ವೋಲ್ಟಿನವು, 6 ವೋಲ್ಟಿನ ವೈಬ್ರೇಟರಿನವು. 1930ರ ದಶಕದ ಬ್ರಿಟಿಷ್ ಸೆಟ್ಟುಗಳಿಗೆ ಫಿಲಮೆಂಟಿಗೆ 2 ವೋಲ್ಟಿನ ಆಸಿಡ್ ಅಕ್ಯುಮುಲೇಟರ್, ಎಚ್.ಟಿ.ಗೆ (ವಾಲ್ವಿಗೆ ಬೇಕಾದ ಹೆಚ್ಚಿನ ವೋಲ್ಟಿಗೆ) 90ರಿಂದ 120 ವೋಲ್ಟ್, ಜೊತೆಗೆ ಗ್ರಿಡ್ ಬಯಾಸಿಗೆ (ವಾಲ್ವಿನೊಳಗಿನ ಗ್ರಿಡ್ ಎಂಬ ಜಾಲರಿಗೆ ಕೊಡುವ ಋಣ ವೋಲ್ಟಿಗೆ) 9 ವೋಲ್ಟಿನ ಪುಟ್ಟ ಬ್ಯಾಟರಿ. ಅಮೆರಿಕದಲ್ಲಿ ವಿದ್ಯುತ್ ತಲುಪದ ರೈತರ ಮನೆಗಳಿಗೆಂದೇ ದೊಡ್ಡ ಕನ್ಸೋಲುಗಳನ್ನು ಮಾಡುತ್ತಿದ್ದರು. ಅವುಗಳ ಮೊದಲ ಪೀಳಿಗೆಯೂ 2 ವೋಲ್ಟಿನ ವಾಲ್ವಿನದು, 1938ರಿಂದ ಈಚೆಗೆ 1.4 ವೋಲ್ಟಿನವು ಬಂದವು. ಯುದ್ಧದ ನಂತರ ನಮ್ಮಲ್ಲಿ ಹರಡಿದ್ದು ಡಿಕೆ, ಡಿಎಫ್, ಡಿಎಎಫ್, ಡಿಎಲ್ ಎಂಬ ಅಕ್ಷರಗಳಿಂದ ಶುರುವಾಗುವ ಏಳು ಪಿನ್ನಿನ ಸಣ್ಣ ಗಾಜಿನ ವಾಲ್ವುಗಳು. ಇವಕ್ಕೆ 1.5 ವೋಲ್ಟ್ ಮತ್ತು 90 ವೋಲ್ಟ್ ಸಾಕು. ಮೂರನೆಯ ಬಗೆ 6 ವೋಲ್ಟಿನ ಕಾರ್ ಬ್ಯಾಟರಿಯಿಂದ ನಡೆಯುವ ವೈಬ್ರೇಟರ್ ಸೆಟ್ಟು. ಅದರ ಮಾತು ಮುಂದೆ ಬೇರೆಯಾಗಿ ಇದೆ.

ಯಾವ ಬಗೆ ಎಂದು ಗೊತ್ತಾಗದೆ ಹೋದರೆ ವಾಲ್ವಿನ ಮೇಲಿನ ನಂಬರ್ ಓದಿ. ಗಾಜಿನ ಮೇಲೆ ಅಚ್ಚಾದ ಆ ನಂಬರು ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಅಳಿಸಿಹೋಗುತ್ತದೆ. ಧೂಳಿದ್ದರೆ ಇರಲಿ, ಊದಿ ಓದಿ. 2 ವೋಲ್ಟಿನ ವಾಲ್ವಿಗೆ 1.5 ವೋಲ್ಟ್ ಕೊಟ್ಟರೆ ಹಾಡುವುದಿಲ್ಲ, ಅಷ್ಟೆ. 1.4 ವೋಲ್ಟಿನದಕ್ಕೆ 2 ವೋಲ್ಟ್ ಕೊಟ್ಟರೆ ಅದರ ಆಯಸ್ಸು ತೀರಿಸಿದಂತೆ. ಕೆಲವು ಸೆಟ್ಟುಗಳಲ್ಲಿ ಫಿಲಮೆಂಟುಗಳನ್ನು ಸಾಲಾಗಿ ಜೋಡಿಸಿ 7.5 ಅಥವಾ 9 ವೋಲ್ಟ್ ಕೊಡುವುದೂ ಉಂಟು. ಖಾನೆಯೊಳಗೆ ಅಂಟಿಸಿದ ಚೀಟಿ ಸಿಕ್ಕಿದರೆ ಅದೇ ಪ್ರಮಾಣ.

ಇನ್ನು ಎಚ್ಚರಿಕೆಗಳು. 90 ವೋಲ್ಟಿನ ಡಿಸಿ ಹಗುರವಾದ್ದಲ್ಲ. ಜುಲೈ ತಿಂಗಳಲ್ಲಿ ಒದ್ದೆ ಕೈ, ಬರಿಗಾಲು, ತೇವದ ಸಿಮೆಂಟ್ ನೆಲ, ಈ ಮೂರೂ ಸೇರಿದರೆ ಇನ್ನೂ ಕೆಟ್ಟದ್ದು. ಎಚ್.ಟಿ. ಜೋಡಿಸಿರುವಾಗ ಒಂದು ಕೈ ಬೆನ್ನ ಹಿಂದೆ ಇರಲಿ. ಹಳೆಯ ಬ್ಯಾಟರಿ ಒಳಗೇ ಉಬ್ಬಿ ಸೋರಿದ್ದರೆ ಕೈಗವಸು ಹಾಕಿಕೊಂಡು ತೆಗೆಯಿರಿ. ಒಲೆಗೂ ಗೊಬ್ಬರದ ಗುಂಡಿಗೂ ಹಾಕಬೇಡಿ, ಅವುಗಳಲ್ಲಿ ಪಾದರಸ ಇರಬಹುದು. ಆಸಿಡ್ ಅಕ್ಯುಮುಲೇಟರಿನ ಗಾಜಿನ ಜಾಡಿ ಒಣಗಿದಂತೆ ಕಂಡರೂ ಒಳಗೆ ಆಸಿಡ್ ಅಂಶ ಉಳಿದಿರುತ್ತದೆ.

ಮತ್ತೊಂದು ಮಾತು ಕೊಡಗಿನವರಿಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸಕ್ಕೆ ಕೈ ಹಾಕದಿರುವುದು ಒಳ್ಳೆಯದು. ಆ ತೇವದಲ್ಲಿ ಒಳ್ಳೆಯ ಕಂಡೆನ್ಸರೂ ಸೋರಿದಂತೆ ಮೀಟರಿನಲ್ಲಿ ಕಾಣುತ್ತದೆ, ಮರ ಊದಿಕೊಂಡು ಗುಂಡಿಗಳು ತಿರುಗುವುದಿಲ್ಲ. ಪುತ್ತರಿ ಕಳೆದ ಮೇಲಿನ ಒಣ ದಿನಗಳು ಸರಿಯಾದ ಕಾಲ. ಆಗಲೂ ಮುಚ್ಚಳ ತೆಗೆದು ಎರಡು ದಿನ ಗಾಳಿಯಾಡುವ ಕೋಣೆಯಲ್ಲಿಡಿ. ಕಾಫಿ ಕಣದ ಬಿಸಿಲಿಗೆ ಇಟ್ಟರೆ ವಿನೀರ್ ಸುಲಿದುಬರುತ್ತದೆ, ಒಲೆಯ ಹತ್ತಿರ ಇಟ್ಟರೆ ಕಂಡೆನ್ಸರಿನ ಮೇಣ ಕರಗುತ್ತದೆ.

ಗುಂಡಿ ತಿರುಗಿಸಿದರೂ ಸದ್ದೇ ಇಲ್ಲ

ಹೆಚ್ಚಿನವರು ಇಲ್ಲಿಂದಲೇ ಶುರುಮಾಡುತ್ತಾರೆ, ಹಾಗಾಗಿ ಇದನ್ನು ನಿಧಾನವಾಗಿ ಹೇಳುತ್ತೇನೆ. ಮೊದಲು ಒಂದು ತಪ್ಪುಗ್ರಹಿಕೆ ಹೋಗಲಿ: ಬ್ಯಾಟರಿ ವಾಲ್ವು ಕೆಂಪಗೆ ಹೊಳೆಯುವುದಿಲ್ಲ. ಕತ್ತಲೆಯಲ್ಲಿ ಕಣ್ಣಿಟ್ಟು ನೋಡಿದರೂ ಮಂಕಾದ ಒಂದು ಎಳೆ ಕಂಡರೆ ಹೆಚ್ಚು. ಬೆಳಕಿಲ್ಲ ಎಂಬ ಕಾರಣಕ್ಕೆ ವಾಲ್ವು ಕೆಟ್ಟಿದೆ ಎಂದು ಎಸೆಯಬೇಡಿ.

ಕಣ್ಣಿನಿಂದ ನೋಡುವುದು ಖರ್ಚಿಲ್ಲದ ಪರೀಕ್ಷೆ. ಒಳಗಿನ ಫೋಟೋಗಳನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ, ಯಾವ ವಾಲ್ವು ಯಾವ ಗುಳಿಯಲ್ಲಿತ್ತು ಎಂದು ಚೀಟಿಯಲ್ಲಿ ಬರೆದಿಡಿ. ಇಲಿ ಕಡಿದ ವೈರು, ಜಿರಳೆಯ ಹಿಕ್ಕೆ, ಗೆದ್ದಲು ತಿಂದ ತಳ, ಬೂಷ್ಟು, ಎಲ್ಲವನ್ನೂ ಒಣ ಬ್ರಶ್ಶಿನಲ್ಲಿ ಸರಿಸಿ. ಹಳೆಯ ರಬ್ಬರಿನ ವೈರು ಮುಟ್ಟಿದರೆ ಪುಡಿಯಾಗುತ್ತಿದ್ದರೆ ಅಲ್ಲೇ ನಿಲ್ಲಿಸಿ, ಆ ವೈರು ಬದಲಾಗುವ ತನಕ ಬ್ಯಾಟರಿ ಕೊಡುವಂತಿಲ್ಲ. ಎಚ್.ಟಿ. ವೈರಿನ ಹೊದಿಕೆ ಉದುರಿ ಅದು ಎಲ್.ಟಿ. (ಫಿಲಮೆಂಟಿನ ಕಡಿಮೆ ವೋಲ್ಟಿನ) ವೈರಿಗೆ ತಾಗುವುದೇ ವಾಲ್ವು ಸುಡಲು ದೊಡ್ಡ ಕಾರಣ.

ಆಮೇಲೆ ವಾಲ್ವುಗಳನ್ನು ತೆಗೆಯಿರಿ. ಅಲ್ಲಾಡಿಸಿ ಕೀಳದೆ ನೇರವಾಗಿ ಮೇಲಕ್ಕೆ ಎಳೆಯಬೇಕು. ಏಳು ಪಿನ್ನಿನ ವಾಲ್ವಿನ ಪಿನ್ನುಗಳು ನೇರ ಗಾಜಿನಿಂದಲೇ ಹೊರಟಿರುವುದರಿಂದ ಓರೆ ಎಳೆದರೆ ಗಾಜು ಬಿರುಕು ಬಿಡುತ್ತದೆ. ಮೀಟರನ್ನು ಓಂ ರೇಂಜಿಗಿಟ್ಟು ಪಿನ್ 1 ಮತ್ತು 7ರ ನಡುವೆ ಅಳೆಯಿರಿ. ಕೆಲವೇ ಓಂ ತೋರಿಸಿದರೆ ಫಿಲಮೆಂಟ್ ಜೀವಂತ. ಏನೂ ತೋರಿಸದಿದ್ದರೆ ಪಿನ್ನನ್ನು ಮೃದುವಾಗಿ ಒರೆಸಿ ಮತ್ತೆ ನೋಡಿ. ಆಗಲೂ ಇಲ್ಲವೆಂದರೆ ಆ ವಾಲ್ವು ಹೋಗಿದೆ. ಔಟ್‌ಪುಟ್ ವಾಲ್ವುಗಳಾದ ಡಿಎಲ್ 92, ಡಿಎಲ್ 94ರಲ್ಲಿ ಫಿಲಮೆಂಟಿನ ನಡುಭಾಗ ಪಿನ್ 5ಕ್ಕೆ ಬರುತ್ತದೆ, ಎರಡೂ ಅರ್ಧ ನೋಡಿ. ಅಮೆರಿಕನ್ ಕನ್ಸೋಲುಗಳ 1ಎ7, 1ಎನ್5, 1ಎಚ್5ನಂಥ ಎಂಟು ಪಿನ್ನಿನ ವಾಲ್ವುಗಳಲ್ಲಿ ಫಿಲಮೆಂಟ್ 2 ಮತ್ತು 7ರ ನಡುವೆ.

ವಾಲ್ವುಗಳು ಹೊರಗಿರುವಾಗಲೇ ಸ್ಪೀಕರ್ ನೋಡಿಬಿಡಿ. ಒಂದು ಟಾರ್ಚ್ ಸೆಲ್ಲಿನ ಎರಡು ತುದಿಯಿಂದ ವೈರು ತಂದು ಸ್ಪೀಕರಿನ ಎರಡು ಕಡ್ಡಿಗೆ ಕ್ಷಣಮಾತ್ರ ತಾಗಿಸಿ. ‘ಟಕ್’ ಎಂದರೆ ಸ್ಪೀಕರ್ ಸರಿ. ತಾಗಿಸುವಾಗ, ಸ್ಪೀಕರಿಗೂ ವಾಲ್ವಿಗೂ ನಡುವೆ ಇರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಆಚೆ ಬದಿಯನ್ನು ಕೈಯಿಂದ ಮುಟ್ಟಿರಬೇಡಿ, ಜುಮ್ಮೆನ್ನುವ ಹೊಡೆತ ಬರುತ್ತದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಆ ಬದಿಗೆ, ಅಂದರೆ ಪ್ರೈಮರಿಗೆ, ಕೆಲವು ನೂರು ಓಂ ಬರಬೇಕು.

ನಮ್ಮ ಹವೆಯಲ್ಲಿ ಈ ಪ್ರೈಮರಿ ಕಡಿದುಹೋಗಿರುವುದು ತೀರ ಸಾಮಾನ್ಯ. ಸುರುಳಿಯ ಹೊರ ಕಾಗದವನ್ನು ನಾಜೂಕಾಗಿ ಎತ್ತಿದರೆ, ಕೂದಲೆಳೆಯಂಥ ತಾಮ್ರದ ತಂತಿ ದಪ್ಪ ವೈರಿಗೆ ಬೆಸೆದುಕೊಳ್ಳುವ ಜಾಗದಲ್ಲಿ ಸಾಸಿವೆಗಿಂತ ಸಣ್ಣದೊಂದು ಹಸಿರು ಚುಕ್ಕೆ ಕಾಣುತ್ತದೆ. ವರ್ಷಾನುಗಟ್ಟಲೆ ತೇವ ಮತ್ತು ಬೆಸುಗೆಯ ಪೇಸ್ಟು ಸೇರಿ ತಾಮ್ರವನ್ನು ತಿಂದ ಗುರುತು ಅದು. ಹೊರಪದರದಲ್ಲೇ ಇದ್ದರೆ ಒಂದು ಸುತ್ತು ಬಿಚ್ಚಿ ಮತ್ತೆ ಬೆಸೆಯಬಹುದು. ಒಳಗಿದ್ದರೆ ಸುರುಳಿಯನ್ನೇ ಹೊಸದಾಗಿ ಸುತ್ತಿಸಬೇಕು. ಪ್ರೈಮರಿ ಕಡಿದಿರುವಾಗ ಮಾತ್ರ ಸೆಟ್ಟಿಗೆ ಎಚ್.ಟಿ. ಕೊಡಬೇಡಿ: ಆನೋಡಿಗೆ ದಾರಿಯಿಲ್ಲದೆ ಔಟ್‌ಪುಟ್ ವಾಲ್ವಿನ ಕರೆಂಟೆಲ್ಲ ಸ್ಕ್ರೀನ್ ಗ್ರಿಡ್ಡಿನ ಮೇಲೆ ಬೀಳುತ್ತದೆ.

ಈಗ ಬ್ಯಾಟರಿ. 90 ವೋಲ್ಟಿನ ಹಳೆಯ ಪ್ಯಾಕ್ ಅಂಗಡಿಯಲ್ಲಿ ಸಿಗದು, ಸಿಗಬೇಕಾಗಿಯೂ ಇಲ್ಲ. 9 ವೋಲ್ಟಿನ ಹತ್ತು ಬ್ಯಾಟರಿಗಳನ್ನು ಸಾಲಾಗಿ ಒಂದಕ್ಕೊಂದು ಕಚ್ಚಿಸಿದರೆ 90 ವೋಲ್ಟ್ ಆಯಿತು. ಎಲ್.ಟಿ.ಗೆ ದೊಡ್ಡ ಟಾರ್ಚ್ ಸೆಲ್ಲುಗಳು ಎರಡೋ ನಾಲ್ಕೋ, ಪ್ಲಸ್ಸಿಗೆ ಪ್ಲಸ್ಸು ಮೈನಸ್ಸಿಗೆ ಮೈನಸ್ಸು ಸೇರಿಸಿ, ಎಲ್ಲವೂ ಒಂದೇ ಬಗೆಯವು, ಒಟ್ಟಿಗೆ ಕೊಂಡವು ಆಗಿರಲಿ. ಸಾಲಾಗಿ ಹಾಕಿ 3 ವೋಲ್ಟ್ ಮಾಡಿಬಿಟ್ಟರೆ ಕಥೆ ಮುಗಿಯಿತು.

ಸೆಟ್ಟಿನ ಪ್ಲಗ್ಗು ಹೋಗಿ ನಾಲ್ಕು ಬರೀ ವೈರು ಉಳಿದಿದ್ದರೆ ಬಣ್ಣ ನಂಬಬೇಡಿ, ಯಾರಾದರೂ ಬದಲಿಸಿರಬಹುದು. ವಾಲ್ವುಗಳ ಗುಳಿಯ ಪಿನ್ 1 ಮತ್ತು 7ರಿಂದ ಹಿಂದಕ್ಕೆ ಮೀಟರ್ ಹಿಡಿದು ಹೋದರೆ ಎಲ್.ಟಿ. ಜೋಡಿ ಸಿಗುತ್ತದೆ (ಸ್ವಿಚ್ಚು ಆನ್ ಇರಲಿ). ಎಚ್.ಟಿ. ಪ್ಲಸ್ಸು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಹೋಗುತ್ತದೆ. ಉಳಿದದ್ದು ಎಚ್.ಟಿ. ಮೈನಸ್ಸು, ಅದಕ್ಕೂ ಚಾಸಿಗೂ ನಡುವೆ ಸಾಮಾನ್ಯವಾಗಿ ಕೆಲವು ನೂರು ಓಂನ ಬಯಾಸ್ ರೆಸಿಸ್ಟರ್ ಇರುತ್ತದೆ. ಅದು ಕಡಿದಿದ್ದರೂ ಸೆಟ್ಟು ಪೂರ್ತಿ ಮೂಕ.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದು. ವಾಲ್ವು ಒಂದನ್ನೂ ಹಾಕದೆ, ಎಲ್.ಟಿ. ಜೋಡಿಸದೆ, ಎಚ್.ಟಿ. ಮಾತ್ರ ಕೊಡಿ. ಎಚ್.ಟಿ. ಪ್ಲಸ್ಸಿನ ದಾರಿಯಲ್ಲಿ 2.2 ಕಿಲೋ ಓಂ, 5 ವ್ಯಾಟಿನ ರೆಸಿಸ್ಟರ್ ಒಂದನ್ನು ಕಾವಲಿಗೆ ಹಾಕಿ. ಎಲ್ಲಿ ಶಾರ್ಟ್ ಆದರೂ 41 ಮಿಲಿಆಂಪಿಯರ್ ಮೀರಿ ಹರಿಯದು. ಈಗ ಪ್ರತಿ ಗುಳಿಯ ಪಿನ್ 1 ಮತ್ತು 7ರ ನಡುವೆ, ಆಮೇಲೆ ಒಂದೊಂದಕ್ಕೂ ಚಾಸಿಗೂ ನಡುವೆ ವೋಲ್ಟ್ ಅಳೆಯಿರಿ. ಸೊನ್ನೆ ಇರಬೇಕು. ಏನಾದರೂ ಕಂಡರೆ ಎಲ್ಲೋ ಎಚ್.ಟಿ. ನುಸುಳುತ್ತಿದೆ, ಅದು ಸಿಗುವ ತನಕ ವಾಲ್ವು ಡಬ್ಬದಲ್ಲೇ ಇರಲಿ. ಸೊನ್ನೆ ಇದ್ದರೆ ಎಚ್.ಟಿ. ಬಿಡಿಸಿ ಎಲ್.ಟಿ. ಕೊಡಿ: ಎಲ್ಲ ಗುಳಿಗಳಲ್ಲೂ 1.4ರಿಂದ 1.6 ವೋಲ್ಟ್ ಬರಬೇಕು (ಔಟ್‌ಪುಟ್ ವಾಲ್ವಿನ ಗುಳಿಯಲ್ಲಿ ಪಿನ್ 5 ಮತ್ತು 1ರ ನಡುವೆ ಅಳೆಯಿರಿ). ಬರದಿದ್ದರೆ ವಾಲ್ಯೂಮ್ ಗುಂಡಿಯ ಜೊತೆ ಕೂತ ಸ್ವಿಚ್ಚಿನ ಒಳಗೆ ಕಿಲುಬು. ಕ್ಲೀನರ್ ಒಂದು ಹನಿ ಬಿಟ್ಟು ಹತ್ತಾರು ಸಲ ಆನ್-ಆಫ್ ಮಾಡಿದರೆ ಬಹಳ ಸಲ ಅದೇ ಸರಿಯಾಗುತ್ತದೆ.

ಎರಡೂ ಪಾಸಾದ ಮೇಲೆ ಬ್ಯಾಟರಿ ಪೂರ್ತಿ ಬಿಡಿಸಿ, ವಾಲ್ವು ಹಾಕಿ, ಮೊದಲು ಎಲ್.ಟಿ., ಆಮೇಲೆ ಕಾವಲು ರೆಸಿಸ್ಟರಿನ ಸಮೇತ ಎಚ್.ಟಿ. ಕೊಡಿ. ಆ ರೆಸಿಸ್ಟರ್ ಸ್ವಲ್ಪ ವೋಲ್ಟ್ ತಿನ್ನುವುದರಿಂದ ದನಿ ಮೆಲ್ಲಗೆ ಬರುತ್ತದೆ. ಬಂದರೆ ಸಾಕು.

ಸುಯ್ ಎನ್ನುತ್ತದೆ, ಸ್ಟೇಷನ್ ಒಂದೂ ಇಲ್ಲ

ಇದರಲ್ಲಿ ಅರ್ಧ ದೋಷ ರೇಡಿಯೋದ್ದಲ್ಲ. ‘ಮಡಿಕೇರಿ ಆಕಾಶವಾಣಿ ಸಿಗುತ್ತಿಲ್ಲ’ ಎಂದು ಹೇಳುವವರು ತುಂಬ ಮಂದಿ. ಮಡಿಕೇರಿ 103.1 ಮೆಗಾಹರ್ಟ್ಸಿನ ಎಫ್.ಎಂ. ಕೇಂದ್ರ, ಈ ಸೆಟ್ಟುಗಳಲ್ಲಿ ಇರುವುದು ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್ ಮಾತ್ರ. ಎಷ್ಟು ರಿಪೇರಿ ಮಾಡಿದರೂ ಅದು ಬಾರದು. ಮೀಡಿಯಂ ವೇವ್ ಕೇಂದ್ರಗಳೂ ಈಚಿನ ವರ್ಷಗಳಲ್ಲಿ ಹಲವು ನಿಂತಿವೆ. ಆದ್ದರಿಂದ ಮೊದಲು ಸಣ್ಣ ಟ್ರಾನ್ಸಿಸ್ಟರಿನಲ್ಲಿ ಮೀಡಿಯಂ ವೇವ್ ಹಾಕಿ ಬೆಂಗಳೂರಿನ 612 ಕಿಲೋಹರ್ಟ್ಸ್ ಕೇಳಿಸುತ್ತದೆಯೇ ನೋಡಿ. ಹಳೆಯ ಡಯಲಿನಲ್ಲಿ ಅದು 490 ಮೀಟರಿನ ಹತ್ತಿರ, ಏಕೆಂದರೆ 3 ಲಕ್ಷವನ್ನು ಕಿಲೋಹರ್ಟ್ಸಿನಿಂದ ಭಾಗಿಸಿದರೆ ಮೀಟರ್ ಸಿಗುತ್ತದೆ. ಸಂಜೆ ಕತ್ತಲಾದ ಮೇಲೆ ಹುಡುಕಿದರೆ ದೂರದ ಕೇಂದ್ರಗಳೂ ಏಳುತ್ತವೆ.

ಟ್ರಾನ್ಸಿಸ್ಟರಿನಲ್ಲಿ ಬಂದು ಇದರಲ್ಲಿ ಬರದಿದ್ದರೆ ಏರಿಯಲ್ ನೋಡಿ. ಬ್ಯಾಟರಿ ಸೆಟ್ಟುಗಳಲ್ಲಿ ಅನೇಕಕ್ಕೆ ಹೊರಗಿನ ತಂತಿ ಬೇಕೇ ಬೇಕು. ಹತ್ತು-ಹದಿನೈದು ಮೀಟರ್ ತಾಮ್ರದ ತಂತಿಯನ್ನು ಮನೆಯಿಂದ ಒಂದು ಸಿಲ್ವರ್ ಓಕ್ ಮರಕ್ಕೆ, ಎರಡೂ ತುದಿಯಲ್ಲಿ ಪಿಂಗಾಣಿ ಅಥವಾ ಪ್ಲಾಸ್ಟಿಕ್ ಬಿಲ್ಲೆ ಇಟ್ಟು ಕಟ್ಟಿದರೆ ಸಾಕು. ಕರೆಂಟ್ ಲೈನಿನ ಮೇಲಾಗಲಿ ಕೆಳಗಾಗಲಿ ಎಳೆಯಲೇಬೇಡಿ. ಮರದ ಕೊಂಬೆ ಮುರಿದು ಎರಡೂ ಸೇರುವುದು ನಮ್ಮಲ್ಲಿ ಮಳೆಗಾಲದ ಮಾಮೂಲು. ಅರ್ತಿಗೆ, ಅಂದರೆ ನೆಲದ ಸಂಪರ್ಕಕ್ಕೆ, ಮಣ್ಣಿಗೆ ಹೊಡೆದ ತಾಮ್ರದ ಸರಳು. ಮಾರ್ಚಿನಲ್ಲಿ ನೆಲ ಒಣಗಿ ಸದ್ದು ಕುಗ್ಗಿದರೆ ಸರಳಿನ ಬುಡಕ್ಕೆ ಒಂದು ಬಿಂದಿಗೆ ನೀರು ಹೊಯ್ಯಿರಿ.

ಮಾರ್ಚ್-ಏಪ್ರಿಲಿನ ಹೂಮಳೆಗೆ ಗುಡುಗು-ಸಿಡಿಲು ಜೊತೆಗೇ ಬರುತ್ತವೆ. ಮೋಡ ಕಟ್ಟುವ ಮೊದಲೇ ಏರಿಯಲ್ಲನ್ನು ಸೆಟ್ಟಿನಿಂದ ಕಿತ್ತು ಅರ್ತಿಗೆ ಕಟ್ಟಿಡಿ. ಗುಡುಗು ಶುರುವಾದ ಮೇಲೆ ಆ ತಂತಿಗೆ ಕೈ ಹಾಕಬೇಡಿ.

ಏರಿಯಲ್ ಸರಿಯಿದ್ದೂ ಸ್ಟೇಷನ್ ಇಲ್ಲವೆಂದರೆ ಆಸಿಲೇಟರ್ (ಸ್ಟೇಷನ್ ಹಿಡಿಯಲು ಸೆಟ್ಟೇ ಒಳಗೆ ಅಲೆ ಹುಟ್ಟಿಸುವ ಭಾಗ) ನಿಂತಿರಬಹುದು. ಇದನ್ನು ಪತ್ತೆಮಾಡುವ ಉಪಾಯ ನನಗೆ ಬಹಳ ಇಷ್ಟ, ಏಕೆಂದರೆ ಸೆಟ್ಟಿನೊಳಗೆ ಕೈಯೇ ಹಾಕಬೇಕಿಲ್ಲ. ಹಳೆಯ ರೇಡಿಯೋವನ್ನು 490 ಮೀಟರಿಗೆ ಇಡಿ. ಪಕ್ಕದಲ್ಲಿ ಟ್ರಾನ್ಸಿಸ್ಟರ್ ಇಟ್ಟು 1070 ಕಿಲೋಹರ್ಟ್ಸಿನ ಆಸುಪಾಸಿನಲ್ಲಿ ನಿಧಾನ ತಿರುಗಿಸಿ. ಆಸಿಲೇಟರ್ ಬದುಕಿದ್ದರೆ ಅದು ಸ್ಟೇಷನ್ನಿಗಿಂತ ಸುಮಾರು 455 ಕಿಲೋಹರ್ಟ್ಸ್ ಮೇಲೆ ಅಲೆ ಹೊರಡಿಸುತ್ತಿರುತ್ತದೆ. ಟ್ರಾನ್ಸಿಸ್ಟರಿನ ಸುಯ್ ಸದ್ದು ಒಂದು ಜಾಗದಲ್ಲಿ ಫಕ್ಕನೆ ಅಡಗುತ್ತದೆ ಅಥವಾ ಶಿಳ್ಳೆ ಹಾಕುತ್ತದೆ. ಹಳೆಯ ಸೆಟ್ಟಿನ ಗುಂಡಿ ತಿರುಗಿಸಿದಂತೆ ಆ ಜಾಗವೂ ಸರಿದರೆ ಆಸಿಲೇಟರ್ ಸರಿ. ಏನೂ ಆಗದಿದ್ದರೆ ಎಲ್.ಟಿ. ವೋಲ್ಟ್ ಅಳೆಯಿರಿ. 1.1ರ ಸಮೀಪಕ್ಕೆ ಇಳಿದರೆ ಆಸಿಲೇಟರ್ ನಡೆಸುವ ಡಿಕೆ ವಾಲ್ವು ಆಂದೋಲನ ನಿಲ್ಲಿಸಿಬಿಡುತ್ತದೆ, ಶಾರ್ಟ್ ವೇವ್ ಮೊದಲು ಹೋಗುತ್ತದೆ. ಹೊಸ ಸೆಲ್ಲಿನಲ್ಲೂ ಹೀಗೇ ಆದರೆ ವಾಲ್ವು ದಣಿದಿದೆ, ಇಲ್ಲವೇ ಬ್ಯಾಂಡ್ ಸ್ವಿಚ್ಚಿನ ಕಡ್ಡಿಗಳು ಕಪ್ಪಾಗಿವೆ. ಸ್ವಿಚ್ಚಿಗೆ ಕ್ಲೀನರ್ ಹಚ್ಚಿ ತಿರುಗಿಸಿ. ಸ್ಯಾಂಡ್‌ಪೇಪರ್ ಬೇಡ, ಬೆಳ್ಳಿಯ ತೆಳು ಲೇಪ ಹೋಗುತ್ತದೆ.

ದೋಷ ಮುಂಭಾಗದಲ್ಲಿದೆಯೋ ಹಿಂಭಾಗದಲ್ಲಿದೆಯೋ ಎಂದು ಬೇರ್ಪಡಿಸಲು ಮೊಬೈಲಿನ ಹೆಡ್‌ಫೋನ್ ಸದ್ದನ್ನು 0.1 ಮೈಕ್ರೋಫ್ಯಾರಡ್ ಕಂಡೆನ್ಸರಿನ ಮೂಲಕ ವಾಲ್ಯೂಮ್ ಕಂಟ್ರೋಲಿನ ಮೇಲ್ತುದಿಗೆ ಕೊಡಿ. ಫೋನು ಚಾರ್ಜರಿನಲ್ಲಿ ಇರಕೂಡದು. ಹಾಡು ಕೇಳಿಸಿದರೆ ಹಿಂಭಾಗ, ಅಂದರೆ ಡಿಎಎಫ್‌ನಿಂದ ಸ್ಪೀಕರಿನ ತನಕ, ಸರಿಯಾಗಿದೆ.

ದನಿ ಒಡೆದಿದೆ, ಬ್ಯಾಟರಿಯೂ ಬೇಗ ಮುಗಿಯುತ್ತದೆ

ಇವೆರಡೂ ಒಟ್ಟಿಗೆ ಬಂದರೆ ನೂರಕ್ಕೆ ತೊಂಬತ್ತು ಪಾಲು ಅನುಮಾನ ಒಂದೇ ಕಂಡೆನ್ಸರಿನ ಮೇಲೆ ಇಡಬಹುದು: ಡಿಎಎಫ್ ವಾಲ್ವಿನ ಆನೋಡಿನಿಂದ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಹೋಗುವ ಕಪ್ಲಿಂಗ್ ಕಂಡೆನ್ಸರ್. ಮೇಣದ ಕಾಗದದ ಆ ಉರುಟು ತೇವ ಕುಡಿದು ಸೋರತೊಡಗಿದರೆ ಗ್ರಿಡ್ಡಿನ ಋಣ ವೋಲ್ಟ್ ಕರಗಿ, ಔಟ್‌ಪುಟ್ ವಾಲ್ವು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಕರೆಂಟ್ ಎಳೆಯುತ್ತದೆ. ದನಿ ಗೊಗ್ಗರಾಗುತ್ತದೆ, ಎಚ್.ಟಿ. ಬ್ಯಾಟರಿ ಕರಗುತ್ತದೆ, ಫಿಲಮೆಂಟ್ ಸವೆಯುತ್ತದೆ.

ನೋಡುವ ಬಗೆ: ಬ್ಯಾಟರಿ ಬಿಡಿಸಿ, ಆ ಕಂಡೆನ್ಸರಿನ ಗ್ರಿಡ್ ಕಡೆಯ ಕಾಲನ್ನು ಬೆಸುಗೆಯಿಂದ ಬಿಡಿಸಿ ಮೇಲೆತ್ತಿ. ಮೀಟರನ್ನು ಡಿಸಿ ವೋಲ್ಟಿಗಿಟ್ಟು ಆ ಎತ್ತಿದ ಕಾಲಿಗೂ ಚಾಸಿಗೂ ಜೋಡಿಸಿ, ಸೆಟ್ಟು ಹಾಕಿ. ಕ್ಷಣಕಾಲ ಏರಿ ಸೊನ್ನೆಗೆ ಇಳಿದರೆ ಸರಿ. ಕೆಲವು ವೋಲ್ಟಿನಲ್ಲಿ ನಿಂತರೆ ಬದಲಿಸಿ. 0.01 ಮೈಕ್ರೋಫ್ಯಾರಡ್, 400 ಅಥವಾ 630 ವೋಲ್ಟಿನ ಪಾಲಿಯೆಸ್ಟರ್ ಕಂಡೆನ್ಸರ್ ಚಿಲ್ಲರೆ ಹಣಕ್ಕೆ ಸಿಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಕೊಡಗಿನಲ್ಲಿ ಮಳೆಗಾಲಗಳನ್ನು ಕಂಡ ಸೆಟ್ಟಿನಲ್ಲಿ ಇದನ್ನು ಪರೀಕ್ಷಿಸುವ ಶ್ರಮವೂ ಬೇಡ, ನೇರ ಬದಲಿಸಿಬಿಡಿ. ಹಳೆಯದರ ಚಿಪ್ಪನ್ನು ಉಳಿಸಿ ಹೊಸದನ್ನು ಅದರೊಳಗೆ ಕೂರಿಸಿದರೆ ನೋಟವೂ ಕೆಡುವುದಿಲ್ಲ.

ದನಿ ಚೆನ್ನಾಗಿದ್ದೂ ಬ್ಯಾಟರಿ ಇಳಿಯುತ್ತಿದ್ದರೆ ಎಚ್.ಟಿ.ಗೆ ಅಡ್ಡಲಾಗಿರುವ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ನೋಡಿ, ಸಾಮಾನ್ಯವಾಗಿ 8 ಮೈಕ್ರೋಫ್ಯಾರಡ್. ಬದಲಿಗೆ 10 ಮೈಕ್ರೋಫ್ಯಾರಡ್ 160 ವೋಲ್ಟಿನದು ಹಾಕಬಹುದು, ಪ್ಲಸ್ಸು ಮೈನಸ್ಸು ತಪ್ಪಬಾರದು. ಎಷ್ಟು ಕರೆಂಟ್ ಸಹಜ ಎಂದರೆ: ಎಚ್.ಟಿ. ಹತ್ತು-ಹದಿನೈದು ಮಿಲಿಆಂಪಿಯರ್; ಎಲ್.ಟಿ. 91-92 ಸರಣಿಯ ನಾಲ್ಕು ವಾಲ್ವಿಗೆ 250 ಮಿಲಿಆಂಪಿಯರ್, 96 ಸರಣಿಗೆ ಅದರರ್ಧ.

ಬುಡ್ ಬುಡ್ ಸದ್ದು, ಶಿಳ್ಳೆ, ತಟ್ಟಿದರೆ ಗಂಟೆ

ದೋಣಿಯ ಇಂಜಿನ್ನಿನಂತೆ ಬುಡ್ ಬುಡ್ ಎನ್ನುತ್ತಿದ್ದರೆ ಎಚ್.ಟಿ. ಬ್ಯಾಟರಿ ಮುಗಿಯುತ್ತ ಬಂದಿದೆ. ಮುದಿ ಬ್ಯಾಟರಿಯ ಒಳರೋಧ ಏರಿ, ಔಟ್‌ಪುಟ್ಟಿನ ಏರಿಳಿತ ಹಿಂದಿನ ವಾಲ್ವುಗಳಿಗೂ ಮುಟ್ಟುವುದರಿಂದ ಹೀಗಾಗುತ್ತದೆ. ಸೆಟ್ಟು ಆನ್ ಇರುವಾಗಲೇ ವೋಲ್ಟ್ ಅಳೆಯಿರಿ. ಆಫ್ ಇದ್ದಾಗ 85 ತೋರಿಸುವ ಬ್ಯಾಟರಿ ಭಾರ ಬಿದ್ದಾಗ 60ಕ್ಕೆ ಕುಸಿಯಬಹುದು. ಹೊಸ ಬ್ಯಾಟರಿಯಲ್ಲೂ ನಿಲ್ಲದಿದ್ದರೆ ಮೇಲೆ ಹೇಳಿದ ಎಲೆಕ್ಟ್ರೋಲಿಟಿಕ್ ಒಣಗಿದೆ.

ಪೆಟ್ಟಿಗೆ ತಟ್ಟಿದಾಗ ಸಣ್ಣಗೆ ಗಂಟೆ ಹೊಡೆದಂತೆ ಆಗುವುದು ಈ ವಾಲ್ವುಗಳ ಸ್ವಭಾವ, ಫಿಲಮೆಂಟ್ ಕಂಪಿಸುತ್ತದೆ. ಅದು ಬೆಳೆದು ಕೂಗಾದರೆ ಚಾಸಿಯ ಕೆಳಗಿನ ರಬ್ಬರ್ ಕಲ್ಲಾಗಿದೆ ಎಂದು ತಿಳಿಯಿರಿ. ಹೊಸ ರಬ್ಬರ್ ಹಾಕಿದರೆ ಮುಗಿಯಿತು.

ಗರಗರ, ಕರಕರ, ಟಕ್ ಟಕ್

ವಾಲ್ಯೂಮ್ ತಿರುಗಿಸಿದಾಗ ಕರಕರ ಎಂದರೆ ಅದರ ಇದ್ದಲ ಪಟ್ಟಿ ಕೊಳೆಯಾಗಿದೆ, ಕ್ಲೀನರ್ ಸಾಕು. ಸ್ಟೇಷನ್ ತಿರುಗಿಸಿದಾಗ ಕರಕರ ಎಂದರೆ ಸ್ಟೇಷನ್ ಗುಂಡಿಯ ಜೊತೆ ತಿರುಗುವ ಗ್ಯಾಂಗ್ ಕಂಡೆನ್ಸರಿನ ತಟ್ಟೆಗಳು ಒಂದಕ್ಕೊಂದು ತಾಗುತ್ತಿವೆ. ಟಾರ್ಚ್ ಬಿಟ್ಟು ನೋಡಿ. ಕುಂಬಾರ ಹುಳಕ್ಕೆ ಆ ತಟ್ಟೆಗಳ ಸಂದು ಬಹಳ ಹಿಡಿಸುತ್ತದೆ. ಒಣಗಿದ ಕೆಂಪು ಮಣ್ಣು, ಒಳಗೆ ಜೇಡದ ಕಾಲುಗಳು, ಇವನ್ನು ಹಲವು ಸೆಟ್ಟುಗಳಲ್ಲಿ ಕಂಡಿದ್ದೇನೆ. ಒಣ ಬ್ರಶ್ಶಿನಿಂದ ಪುಡಿಮಾಡಿ ಊದಿ ತೆಗೆಯಿರಿ. ತಟ್ಟೆಯನ್ನು ಬಗ್ಗಿಸಿದರೆ ಡಯಲಿನ ಅಳತೆಯೇ ತಪ್ಪುತ್ತದೆ.

ಗುಂಡಿ ಮುಟ್ಟದೆಯೂ ಸದ್ದು ಬರುತ್ತಿದ್ದರೆ ಮನೆಯ ಮೇನ್ ಸ್ವಿಚ್ ಇಳಿಸಿ, ಇನ್ವರ್ಟರೂ ಆಫ್ ಆಗಲಿ. ಬ್ಯಾಟರಿ ಸೆಟ್ಟಿನ ದೊಡ್ಡ ಅನುಕೂಲ ಇದು, ಮನೆಯೆಲ್ಲ ಕತ್ತಲಾದರೂ ರೇಡಿಯೋ ನಡೆಯುತ್ತಿರುತ್ತದೆ. ಸದ್ದು ನಿಂತರೆ ಕಾರಣ ಎಲ್.ಇ.ಡಿ. ಬಲ್ಬು, ಇನ್ವರ್ಟರ್ ಅಥವಾ ಮೊಬೈಲ್ ಚಾರ್ಜರ್. ನಿಲ್ಲದೆ, ಗಡಿಯಾರದಂತೆ ಸುಮಾರು ಸೆಕೆಂಡಿಗೊಂದು ಟಕ್ ಬರುತ್ತಿದ್ದರೆ ಅದು ಆನೆಗೆ ಹಾಕಿದ ಸೋಲಾರ್ ಬೇಲಿ. ಬೇಲಿಯ ತಂತಿಗೆ ಹುಲ್ಲು, ಬಳ್ಳಿ ತಾಗಿ ಕಿಡಿ ಹಾರುವ ಕಡೆ ಸದ್ದು ಇನ್ನೂ ಜೋರು. ಹುಲ್ಲು ಸವರಿಸಿದರೆ ಬೇಲಿಗೂ ಒಳ್ಳೆಯದು. ಆದರೆ ಸವರುವ ಮೊದಲು ಬೇಲಿಯ ಯಂತ್ರ ಆಫ್ ಮಾಡಿಸಿ. ರೇಡಿಯೋ ಕೇಳಲೆಂದು ರಾತ್ರಿ ಬೇಲಿ ಆಫ್ ಮಾಡುವ ಯೋಚನೆ ಬೇಡ.

6 ವೋಲ್ಟಿನ ಸೆಟ್ಟು ಗುಯ್‌ಗುಡುತ್ತಿಲ್ಲ

ವೈಬ್ರೇಟರ್ ಎಂದರೆ ಡಬ್ಬಿಯೊಳಗೆ ಅದುರುವ ಒಂದು ಉಕ್ಕಿನ ನಾಲಿಗೆ. ಅದು ಡಿಸಿಯನ್ನು ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ, ಅಲ್ಲಿ 100 ವೋಲ್ಟಿಗೂ ಹೆಚ್ಚು ಎಚ್.ಟಿ. ಹುಟ್ಟುತ್ತದೆ. ಸೆಟ್ಟು ಹಾಕಿದಾಗ ಗುಯ್ ಎನ್ನಬೇಕು. ಎನ್ನದಿದ್ದರೆ ಕಾಂಟ್ಯಾಕ್ಟುಗಳು ಕಿಲುಬಿವೆ. ಫ್ಯೂಸ್ ಹಾರಿದರೆ ಅವು ಅಂಟಿಕೊಂಡಿವೆ. ಎರಡರಲ್ಲೂ ಮೊದಲು ಟ್ರಾನ್ಸ್‌ಫಾರ್ಮರಿಗೆ ಅಡ್ಡಲಾಗಿರುವ ಬಫರ್ ಕಂಡೆನ್ಸರ್ ಬದಲಾಗಬೇಕು, ಹಳೆಯದು ಇಟ್ಟುಕೊಂಡು ಹೊಸ ವೈಬ್ರೇಟರ್ ಹಾಕಿದರೆ ಅದೂ ಸುಟ್ಟುಹೋಗುತ್ತದೆ. ಆ ಕಂಡೆನ್ಸರಿಗೆ ಸಾಮಾನ್ಯವಾಗಿ 1600 ವೋಲ್ಟಿನ ಆಸುಪಾಸಿನ ತಾಳಿಕೆ ಬೇಕು. ಬ್ಯಾಟರಿಯ ಪ್ಲಸ್ಸು-ಮೈನಸ್ಸು ಅದಲುಬದಲಾದರೆ ಕೆಲವು ಮಾದರಿಗಳಲ್ಲಿ ಎಚ್.ಟಿ.ಯೂ ತಿರುವುಮುರುವಾಗುತ್ತದೆ. ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಇರಲಿ, ಚಾರ್ಜ್ ಮಾಡುವ ಕೋಣೆಯಲ್ಲಿ ಬೆಂಕಿ, ಕಿಡಿ ಬೇಡ. ಮುಂದಿನದು ಅನುಭವಸ್ಥರ ಕೆಲಸ.

ಎಲ್ಲಿ ಕೈ ತೆಗೆಯಬೇಕು

ವಾಲ್ವಿಲ್ಲದ ಪರೀಕ್ಷೆಯಲ್ಲಿ ಫಿಲಮೆಂಟ್ ಪಿನ್ನಿಗೆ ಎಚ್.ಟಿ. ಬಂದು, ಎಲ್ಲಿಂದ ಎಂದು ತಿಳಿಯದಿದ್ದರೆ ನಿಲ್ಲಿಸಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಳಗೇ ಕಡಿದಿದ್ದರೆ, ಐ.ಎಫ್. ಕ್ಯಾನಿನ (ಟ್ಯೂನಿಂಗ್ ಸುರುಳಿಗಳಿರುವ ಲೋಹದ ಡಬ್ಬಿಯ) ಒಳಗಿನ ಸುರುಳಿ ಹೋಗಿದ್ದರೆ, ವೈರುಗಳ ಹೊದಿಕೆ ಎಲ್ಲೆಡೆ ಪುಡಿಯಾಗುತ್ತಿದ್ದರೆ ನಿಲ್ಲಿಸಿ. ಐ.ಎಫ್. ಕ್ಯಾನಿನ ತಲೆಯ ಮೇಲಿನ ಸ್ಕ್ರೂಗಳನ್ನು ‘ಸಡಿಲವಾಗಿದೆ’ ಎಂದು ಬಿಗಿ ಮಾಡಬೇಡಿ. ಅವು ಸ್ಕ್ರೂಗಳಲ್ಲ, ಟ್ಯೂನಿಂಗ್. ಒಮ್ಮೆ ತಪ್ಪಿದರೆ ಸಿಗ್ನಲ್ ಜನರೇಟರ್ ಇಲ್ಲದೆ ಸರಿಯಾಗಿ ಹಿಂದಕ್ಕೆ ತರುವುದು ಕಷ್ಟ.

ವಾಲ್ವ್ ಸೆಟ್ಟು ಬಲ್ಲ ಹಿರಿಯ ಮೆಕ್ಯಾನಿಕ್ಕುಗಳನ್ನು ಮೈಸೂರು, ಬೆಂಗಳೂರಿನಲ್ಲಿ ವಿಚಾರಿಸಿ. ಕಂಡೆನ್ಸರ್, ರೆಸಿಸ್ಟರ್‌ಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿವೆ. ಸೆಟ್ಟು ಸಾಗಿಸುವಾಗ ವಾಲ್ವುಗಳನ್ನು ಕಳಚಿ ಬಟ್ಟೆಯಲ್ಲಿ ಸುತ್ತಿ ಬೇರೆ ಡಬ್ಬದಲ್ಲಿ ಒಯ್ಯಿರಿ. ಘಾಟಿಯ ತಿರುವಿನಲ್ಲಿ ಕುಲುಕಾಟ ಹೆಚ್ಚು.

ಯಾರಾದರೂ ‘ನೇರ ಕರೆಂಟಿಗೆ ಮಾಡಿಕೊಡುತ್ತೇನೆ’ ಎಂದರೆ ಟ್ರಾನ್ಸ್‌ಫಾರ್ಮರ್ ಇರುವ ಎಲಿಮಿನೇಟರ್ (ಬ್ಯಾಟರಿಯ ಬದಲು ವೋಲ್ಟ್ ಕೊಡುವ ಸಾಧನ) ಹೊರಗೆ ಬೇರೆ ಪೆಟ್ಟಿಗೆಯಲ್ಲಿ ಇರುವಂತೆ ಮಾಡಿಸಿ, ಸೆಟ್ಟಿನ ಒಳಗೆ ಕೊರೆಯಲು ಬಿಡಬೇಡಿ. ಟ್ರಾನ್ಸ್‌ಫಾರ್ಮರಿಲ್ಲದೆ ರೆಸಿಸ್ಟರಿನಿಂದ ಇಳಿಸುವ ಅಗ್ಗದ ಉಪಾಯಕ್ಕೆ ಒಪ್ಪಲೇಬೇಡಿ. ಅದರಲ್ಲಿ ಚಾಸಿ, ಏರಿಯಲ್, ಅರ್ತ್ ಎಲ್ಲಕ್ಕೂ ಮನೆಯ ಕರೆಂಟ್ ಬರಬಹುದು.

ಮೇ ತಿಂಗಳ ಕೊನೆಗೆ ಸೆಲ್ಲುಗಳನ್ನೂ 9 ವೋಲ್ಟಿನ ಬ್ಯಾಟರಿಗಳನ್ನೂ ಸೆಟ್ಟಿನಿಂದ ಹೊರಗೆ ತೆಗೆದಿಡಿ, ಗೋಡೆಯಿಂದ ಒಂದು ಗೇಣು ಈಚೆ ಮರದ ಹಲಗೆಯ ಮೇಲೆ ಸೆಟ್ಟು ನಿಲ್ಲಲಿ, ಹಿಂದಿನ ಖಾನೆಯ ಮುಚ್ಚಳಕ್ಕೆ ಇಲಿ ನುಗ್ಗದಂತೆ ಜಾಲರಿ ಹಾಕಿ.